ಗಾಳಿಗೆ ಮುಚ್ಚಳ ಇಲ್ಲ

ನವೆಂಬರ್ ೧೦, ಸೋಮವಾರ

ಇವತ್ತು ತಿಕೋಟಾದಲ್ಲಿ ಮೂರು ಆಟ. ಹೌದು, ಆಟ ಅಂತಲೇ ಬರೆಯುತ್ತೇನೆ. ನನಗೆ ಸಂಬಳ ಕೊಡುವ ಮಲ್ಲಿನಾಥ ಅದನ್ನು ‘ಖಗೋಳ ದರ್ಶನ ಕಾರ್ಯಕ್ರಮ’ ಎನ್ನುತ್ತಾನೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ವರ್ಷಗಟ್ಟಲೆ ಗಂಟಲು ಹರಿದುಕೊಂಡ ಈ ಸುಧಾರಾಣಿ ಈಗ ಬಟ್ಟೆಯ ಗುಮ್ಮಟದೊಳಗೆ ಮಕ್ಕಳನ್ನು ಕೂರಿಸಿ ಬೆಳಕಿನ ಚುಕ್ಕೆ ತೋರಿಸುತ್ತಾಳೆ. ವಿಜಯಪುರದ ಸ್ಟೇಷನ್ ರಸ್ತೆಯ ಮಹಡಿಯಲ್ಲಿ ಮಲ್ಲಿನಾಥನ ಆಫೀಸು, ಕೆಳಗೆ ಟೆಂಪೋ, ಅದಕ್ಕೆ ಜುಬೇರ ಡ್ರೈವರು. ಟೆಂಪೋದಲ್ಲಿ ಮಡಚಿದ ಗುಮ್ಮಟ, ಅದಕ್ಕೆ ಗಾಳಿ ಊದುವ ಬ್ಲೋವರ್, ಪ್ರೊಜೆಕ್ಟರ್, ಆಮೇಲೆ ನಾನು. ಸಾಮಾನುಗಳಲ್ಲಿ ಕೊನೆಯ ಸಾಮಾನು.

ಏನು ಹೇಳಬೇಕು ಎಂಬುದನ್ನೂ ಮಲ್ಲಿನಾಥನೇ ಬರೆದು, ಪ್ಲಾಸ್ಟಿಕ್ ಹಾಕಿಸಿ ಕೊಟ್ಟಿದ್ದಾನೆ. ಒಂದಕ್ಷರ ಆಚೆ ಈಚೆ ಆಗಬಾರದಂತೆ. ಅವನು ಓದಿದ್ದು ವಾಣಿಜ್ಯ. ಭೌತಶಾಸ್ತ್ರದವಳು ಅದನ್ನು ಗಿಳಿಪಾಠ ಒಪ್ಪಿಸಬೇಕು. ಹಾಳೆಯ ಕೊನೆಯಲ್ಲಿ ‘ಪ್ರಶ್ನೆಗಳಿದ್ದರೆ ನಿಮ್ಮ ಶಿಕ್ಷಕರನ್ನು ಕೇಳಿ’ ಎಂದಿದೆ. ಇಡೀ ಹಾಳೆಯಲ್ಲಿ ನನಗೆ ಹಿಡಿಸಿದ ಸಾಲು ಅದೊಂದೇ. ಅದನ್ನು ಹೇಳುವಾಗ ನನ್ನ ದನಿ ತಾನಾಗಿಯೇ ಜೋರಾಗುತ್ತದೆ.

ಎರಡನೇ ಆಟದಲ್ಲಿ ಒಬ್ಬ ಮಾಸ್ತರರು ಗುಮ್ಮಟದ ಕತ್ತಲಲ್ಲಿ ಗೊರಕೆ ಹೊಡೆದರು. ಮಕ್ಕಳು ಶನಿ ಗ್ರಹಕ್ಕಿಂತ ಅದನ್ನೇ ಚೆನ್ನಾಗಿ ಗಮನಿಸಿದವು.

ನವೆಂಬರ್ ೧೩, ಗುರುವಾರ

ಬರೆಯುತ್ತಿದ್ದರೆ ಪೆನ್ನು ಕಾಗದ ಹರಿಯುತ್ತಿದೆ. ಸಿಟ್ಟಿಗೆ.

ನಿಡೋಣಿಯ ಶಾಲೆ. ಹೆಡ್‌ಮಾಸ್ತರ ಭೀಮಾಶಂಕರ ಅವರು ಮಧ್ಯಾಹ್ನದವರೆಗೆ ಕರೆಂಟ್ ಹೋಗುವುದಿಲ್ಲ, ಲೈನ್‌ಮನ್‌ನನ್ನೇ ಕೇಳಿದ್ದೇನೆ ಎಂದರು. ಲೈನ್‌ಮನ್ ಮಾತು ನಂಬಿ ಆಕಾಶವನ್ನೇ ಎಬ್ಬಿಸಿ ನಿಲ್ಲಿಸಿದೆವು. ಜನರೇಟರ್ ಇದೆ, ಆಫೀಸಿನ ಮೂಲೆಯಲ್ಲಿ ಮಲ್ಲಿನಾಥನ ಟೋಪಿ ಇಡಲು ಉಪಯೋಗವಾಗುತ್ತಿದೆ. ಡೀಸೆಲ್ ಯಾಕೆ ಸುಡಬೇಕು, ಶಾಲೆಗಳಲ್ಲಿ ಕರೆಂಟ್ ಇರುತ್ತದಲ್ಲ ಅಂತ ಅವನ ವಾದ.

ಏಳನೆಯ ತರಗತಿ ಒಳಗಿತ್ತು. ನಾನು ಹಾಳೆ ಓದುತ್ತಿದ್ದೆ: “ಮಕ್ಕಳೇ, ಈ ಗುಮ್ಮಟವು ತನ್ನೊಳಗೆ ಗಾಳಿಯನ್ನು ಹಿಡಿದಿಟ್ಟಿರುವಂತೆಯೇ, ನೀಲಿ ಆಕಾಶವು ನಮ್ಮ ಭೂಮಿಯ ಗಾಳಿಯನ್ನು ಹಿಡಿದಿಟ್ಟಿದೆ.” ಸರಿಯಾಗಿ ಅಲ್ಲಿಗೆ ಕರೆಂಟ್ ಹೋಯಿತು. ಬ್ಲೋವರಿನ ಗುಂಯ್ ಶಬ್ದ ನಿಂತಿತು. ಗುಮ್ಮಟ ಒಮ್ಮೆಲೇ ಬೀಳುವುದಿಲ್ಲ, ಮೆಲ್ಲಗೆ ನೆತ್ತಿಯ ಮೇಲೆ ಇಳಿಯುತ್ತದೆ. ಕತ್ತಲು, ಮೈಮೇಲೆ ಬಟ್ಟೆ, ಮಕ್ಕಳ ಚೀರಾಟ. ಜುಬೇರ ಹೊರಗಿನಿಂದ ಜಿಪ್ ಎಳೆದು, ಬಿದಿರು ಕೋಲಿನಿಂದ ಬಟ್ಟೆ ಎತ್ತಿ ಹಿಡಿದ. ಒಬ್ಬರಿಗೂ ಗಾಯವಾಗಲಿಲ್ಲ. ಅರ್ಧ ಮಕ್ಕಳು ಹೊರಬಂದ ಮೇಲೆ ನಗತೊಡಗಿದವು.

ಪ್ರೊಜೆಕ್ಟರ್ ಪಕ್ಕ ಕೂತಿದ್ದ ಒಬ್ಬ ಹುಡುಗಿ ಎಲ್ಲರಿಗಿಂತ ಕೊನೆಗೆ ಬಂದಳು. ಅಳಲಿಲ್ಲ, ನಗಲಿಲ್ಲ. ಬಾಗಿಲಲ್ಲಿ ನಿಂತು ತಲೆಯೆತ್ತಿ ಮೇಲೆ ನೋಡುತ್ತಿದ್ದಳು. ಏನು ಹುಡುಕುತ್ತಿದ್ದಳೋ.

ಭೀಮಾಶಂಕರ ಅವರು ನನ್ನನ್ನೇ ಬೈದರು. ನಾನೇನು ವಿದ್ಯುತ್ ಮಂಡಳಿಯೇ?

ನವೆಂಬರ್ ೧೪, ಶುಕ್ರವಾರ

ಮಕ್ಕಳ ದಿನಾಚರಣೆ. ಮಲ್ಲಿನಾಥ ಬೆಳಿಗ್ಗೆಯೇ ಕರೆಸಿ, ಮಕ್ಕಳ ಸುರಕ್ಷತೆ ಬಗ್ಗೆ ನನಗೆ ಭಾಷಣ ಮಾಡಿದ. ಜನರೇಟರಿನ ಮೇಲಿಂದ ಟೋಪಿ ತೆಗೆದು ಹಾಕಿಕೊಂಡು ಹೊರಗೆ ಹೋದ.

ನವೆಂಬರ್ ೨೧, ಶುಕ್ರವಾರ

ಇಂಥದ್ದು ಕೇಳಿರಲಿಲ್ಲ. ಭೀಮಾಶಂಕರ ಫೋನ್ ಮಾಡಿದ್ದರು. ಕೊನೆಗೆ ಹೊರಬಂದಳಲ್ಲ, ಆ ಹುಡುಗಿ, ಹೆಸರು ತರನ್ನುಮ, ಅವತ್ತಿನಿಂದ ಶಾಲೆಗೇ ಬಂದಿಲ್ಲವಂತೆ. ಊರಲ್ಲಿ ಕರೆಂಟ್ ಹೋದಾಗಲೆಲ್ಲ ಮನೆಯ ಬಾಗಿಲು, ಕಿಟಕಿ ಹಾಕಿ, ಸಂದಿಗೆ ಹೊದೆಯುವ ಕೌದಿ ತುರುಕುತ್ತಾಳಂತೆ. ಮೇಲಿನ ಆಕಾಶವನ್ನೂ ಒಂದು ಬ್ಲೋವರ್ ಊದಿ ನಿಲ್ಲಿಸಿದೆ, ಕರೆಂಟ್ ಹೋದರೆ ಆಕಾಶ ಇಳಿದು ಗಾಳಿ ಓಡಿಹೋಗುತ್ತದೆ, ಮನೆಯೊಳಗಿನದಾದರೂ ಉಳಿಯಲಿ ಎಂದು. ಮನೆಯಲ್ಲಿ ಅಜ್ಜಿ ಒಬ್ಬರೇ. ತಾಯಿ ಇಲ್ಲ, ತಂದೆ ಲಾರಿಯ ಮೇಲೆ ಊರೂರು. ಬಬಲೇಶ್ವರದಲ್ಲಿರುವ ಸೋದರಮಾವ, ಶಾಲೆಗೆ ಹೋಗದಿದ್ದರೆ ಹೊಲಿಗೆ ಕಲಿಯಲಿ ಅಂತ ಡಿಸೆಂಬರ್ ಎರಡನೇ ವಾರ ಬಂದು ಕರೆದುಕೊಂಡು ಹೋಗುತ್ತಾನಂತೆ.

“ವರ್ಗದಾಗ ಶಾಣ್ಯಾ ಹುಡುಗಿ ಅಕೀರಿ ಮೇಡಂ. ನೀವ ಹೇಳಿದ್ದು, ನೀವ ಬಂದು ತಿದ್ರಿ,” ಅಂದರು.

ನಾನು ಹೇಳಿದ್ದಂತೆ! ನಾನು ಓದಿದ್ದು. ಹೇಳಿದ್ದು ಮಲ್ಲಿನಾಥ. ಕರೆಂಟ್ ತೆಗೆದದ್ದು ಲೈನ್‌ಮನ್. ಹೊಣೆ ಮಾತ್ರ ಸುಧಾರಾಣಿಯದು. ಹೋಗುವುದಿಲ್ಲ ಅಂತ ಹೇಳಿ ಫೋನ್ ಇಟ್ಟೆ.

ನವೆಂಬರ್ ೨೩, ಭಾನುವಾರ

ಹೋಗಿದ್ದೆ. ವಾರಕ್ಕೆ ಸಿಗುವ ಒಂದು ರಜೆ, ಅದೂ ಬಸ್ಸಿನಲ್ಲಿ ನಿಂತುಕೊಂಡೇ ಕಳೆಯಿತು.

ಅಜ್ಜಿಯ ಹೆಸರು ಹಾಜಿರಾಬಿ. ಚಹಾ ಕೊಟ್ಟೇ ಬೈದರು. ಈ ಕಡೆಯವರ ರೀತಿ ಅದು, ಬೈಸಿಕೊಳ್ಳುವವರಿಗೂ ಮೊದಲು ಚಹಾ ಕೊಡಬೇಕು. “ಏನ ಹೇಳಿ ಹೋದ್ರಿ ನಮ್ಮ ಹುಡುಗಿಗೆ? ಹೊರಗ ಆಡಾಕ ಹೋಗವಲ್ಲಳು. ರಾತ್ರಿ ನನ್ನ ಮೂಗಿಗೆ ಕೈ ಹಿಡದು ಉಸುರು ಐತಿ ಇಲ್ಲ ನೋಡ್ತಾಳ.” ನಾನು ಇನ್ನೊಂದು ಕಪ್ ಚಹಾ ಕುಡಿದೆ.

ನಾವು ಮಾತಾಡುತ್ತಿದ್ದಾಗಲೇ ಮೇಲಿನ ಫ್ಯಾನ್ ನಿಂತಿತು. ತರನ್ನುಮ ಎದ್ದಳು. ಬಾಗಿಲು ಹಾಕಿದಳು, ಕಿಟಕಿ ಹಾಕಿದಳು, ಕೌದಿ ಮಡಚಿ ಹೊಸ್ತಿಲಿಗೆ ಒತ್ತಿದಳು. ಗಾಬರಿಯಿಲ್ಲ, ಅಳುವಿಲ್ಲ. ಕಸ ಗುಡಿಸಿದಷ್ಟು ಅಚ್ಚುಕಟ್ಟಾಗಿ ಮಾಡಿದಳು. ಅದನ್ನು ನೋಡಿ ನನಗೆ ಸಂಕಟವಾಯಿತು, ಚೀರಿದ್ದರೆ ಅಷ್ಟು ಆಗುತ್ತಿರಲಿಲ್ಲ. ಮೂವರೂ ಕತ್ತಲಲ್ಲಿ ಕೂತೆವು. ಹಾಜಿರಾಬಿ ಸೆರಗಿನಿಂದ ಗಾಳಿ ಬೀಸಿಕೊಳ್ಳಲು ಹೋದರೆ ಹುಡುಗಿ ಅವರ ಕೈ ಹಿಡಿದಳು, ಗಾಳಿ ಖರ್ಚಾಗುತ್ತದಂತೆ.

ನಾನು ಕಾಲೇಜಿನಲ್ಲಿ ಹೇಳುತ್ತಿದ್ದಂತೆ ಹೇಳಿದೆ. ಗುರುತ್ವಾಕರ್ಷಣೆ, ದ್ರವ್ಯರಾಶಿ, ಭೂಮಿಯ ಕೇಂದ್ರ. ಗಾಳಿಯನ್ನು ಆಕಾಶ ಹಿಡಿದಿಲ್ಲ, ಕೆಳಗಿನ ಭೂಮಿ ತನ್ನತ್ತ ಎಳೆದುಕೊಂಡಿದೆ ಎಂದೆ. ಅವಳು ಪೂರ್ತಿ ಕೇಳಿಸಿಕೊಂಡು ಕೇಳಿದಳು: “ಭೂಮಿ ಎಳೀತೈತಿ ಅಂದ್ರ ಗಾಳಿ ನೆಲಕ್ಕ ಬಿದ್ದು ಯಾಕ ಮಲಗೂದಿಲ್ರಿ? ಕಲ್ಲು ಬೀಳ್ತಾವು, ಅವತ್ತ ಗುಮ್ಮಟದ ಅರಿವೀನೂ ಬಿತ್ತು. ಗಾಳಿ ಒಂದ ಯಾಕ ನಿಂತೈತಿ?”

ಎಂ.ಎಸ್ಸಿ.ಯವಳಿಗೆ ಉತ್ತರ ಗೊತ್ತಿದೆ, ಸಮೀಕರಣದಲ್ಲಿ ಗೊತ್ತಿದೆ. ಹನ್ನೆರಡರ ಹುಡುಗಿಗೆ ಹೇಳುವ ಮಾತಿನಲ್ಲಿ ಗೊತ್ತಿಲ್ಲ. ಅದನ್ನೆಲ್ಲ ಮುಂದಿನ ತರಗತಿಯಲ್ಲಿ ಹೇಳಿಕೊಡುತ್ತಾರೆ ಎಂದುಬಿಟ್ಟೆ.

“ಮುಂದಿನ ವರ್ಗಕ್ಕ ಹೋಗೂದಿಲ್ಲಲ್ರಿ ನಾ,” ಅಂದಳು. ಎದುರು ಮಾತಿನ ಧಾಟಿಯಿರಲಿಲ್ಲ, ಇದ್ದದ್ದನ್ನೇ ಹೇಳಿದಳು.

ನವೆಂಬರ್ ೨೪, ಸೋಮವಾರ

ಇನ್ನು ಆ ಊರಿನ ಹೆಸರು ಎತ್ತುವುದಿಲ್ಲ. ನಾನೇನು ಮಂತ್ರ ಹಾಕುವವಳೇ? ಅಟ್ಟದ ಮೇಲಿನ ಡಬ್ಬಿಯಿಂದ ಬಿ.ಎಸ್ಸಿ.ಯ ಹಳೆಯ ಪುಸ್ತಕಗಳನ್ನು ಇಳಿಸಿದೆ. ಧೂಳು ಹೊಡೆಯಲು. ಅನಿಲಗಳ ಪಾಠದಲ್ಲಿ ಧೂಳು ಹೆಚ್ಚಿತ್ತು, ಅದಕ್ಕೇ ಹೊತ್ತು ಹಿಡಿಯಿತು.

ನವೆಂಬರ್ ೨೬, ಬುಧವಾರ

ಹೊನವಾಡ. ಮಕ್ಕಳ ಬೂಟಿನಲ್ಲಿ ದ್ರಾಕ್ಷಿ ತೋಟದ ಕೆಂಪು ಮಣ್ಣು, ಗುಮ್ಮಟದ ನೆಲವೆಲ್ಲ ಹೊಲಸು. ಹಾಳೆ ಓದುತ್ತಾ ‘ಗುಮ್ಮಟವು ತನ್ನೊಳಗೆ’ ಎಂಬಲ್ಲಿಗೆ ಬಂದೆ. ನಾಲಿಗೆ ಮುಂದೆ ಹೋಗಲಿಲ್ಲ. ಎಷ್ಟು ಊರುಗಳಲ್ಲಿ, ಎಷ್ಟು ಮಕ್ಕಳ ಮುಂದೆ ಈ ಸುಳ್ಳನ್ನು ಓದಿಸಿದ್ದಾನೆ ಈ ಮಲ್ಲಿನಾಥ!

ಹಾಳೆ ಕೆಳಗಿಟ್ಟು ಹೇಳಿದೆ: “ಆಕಾಶ ಯಾವುದನ್ನೂ ಹಿಡಿದಿಟ್ಟಿಲ್ಲ. ಅಲ್ಲಿ ಬಟ್ಟೆ ಇಲ್ಲ, ಗೋಡೆ ಇಲ್ಲ. ಗಾಳಿಯನ್ನು ಹಿಡಿದಿರುವುದು ನೀವು ಕೂತಿರುವ ನೆಲ.” ಕೆಲವು ಮಕ್ಕಳು ಕತ್ತಲಲ್ಲಿ ಅಂಗೈಯಿಂದ ನೆಲ ಮುಟ್ಟಿ ನೋಡಿದವು. ಸಪ್ಪಳ ಕೇಳಿಸಿತು. ಪುಟ್ಟ ಪುಟ್ಟ ಅಂಗೈಗಳ ಸಪ್ಪಳ.

ಸಂಜೆಗೆ ಮಲ್ಲಿನಾಥನಿಗೆ ಸುದ್ದಿ ಮುಟ್ಟಿತ್ತು. ಹಾಳೆ ಮೇಲಿನವರಿಂದ ಪಾಸಾಗಿದೆಯಂತೆ, ನನಗೆ ತಿದ್ದುವ ಅಧಿಕಾರವಿಲ್ಲವಂತೆ. ಗುರುತ್ವಾಕರ್ಷಣೆಗೂ ಮೇಲಿನವರ ಮಂಜೂರಾತಿ ಬೇಕು. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದ. ನೋಡಿಕೊ ಅಂದೆ. ಮನಸ್ಸಿನಲ್ಲಿ.

ನವೆಂಬರ್ ೩೦, ಭಾನುವಾರ

ನಿಡೋಣಿ. ಮತ್ತೆ ಯಾಕೆ ಹೋದೆ ಅಂದರೆ, ಆ ಹುಡುಗಿ ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಬಂದಿದ್ದೆ. ಪದವಿ ಪಡೆದವಳಿಗೆ ಅದು ಅವಮಾನ. ಅಷ್ಟೇ ಕಾರಣ.

ಕಾಗದದ ಮೇಲೆ ಚಿತ್ರ ಬರೆದುಕೊಂಡು ಹೋಗಿದ್ದೆ, ಬಾಣದ ಗುರುತು ಹಾಕಿ. ತರನ್ನುಮ ನೋಡಿ ಮರ್ಯಾದೆಗೆ ತಲೆಯಾಡಿಸಿದಳು. ಹಾಜಿರಾಬಿ ಒಲೆಯ ಮುಂದೆ ಜೋಳ ಹುರಿದು ಅಳ್ಳು ಅರಳಿಸಲು ಕೂತಿದ್ದರು. ಅಳ್ಳು ಹುರಿಯುವ ನಾಗರಪಂಚಮಿ ಹೋಗಿ ಎಷ್ಟೋ ತಿಂಗಳಾಯಿತು, ಆದರೂ ಮೊಮ್ಮಗಳು ಏನನ್ನಾದರೂ ತಿನ್ನಲಿ ಅಂತ. ಬಾಣಲೆ ಕಾದು ಕಾಳು ಚಟಪಟ ಎನ್ನತೊಡಗಿದಾಗ ಅವರು ಮುಚ್ಚಳ ಎತ್ತಿಕೊಂಡರು. ಮುಚ್ಚಬೇಡಿ ಎಂದು ನಾನು ಕೂಗಿದ ರಭಸಕ್ಕೆ ಅವರ ಕೈಯಿಂದ ಮುಚ್ಚಳ ಬಿತ್ತು.

ಹುಡುಗಿಯನ್ನು ಬಾಣಲೆಯ ಹತ್ತಿರ ಕೂರಿಸಿದೆ. ಕಾಳು ಜಿಗಿಯುತ್ತಿದ್ದವು, ಬೀಳುತ್ತಿದ್ದವು, ಬಿದ್ದಲ್ಲಿ ಮಲಗದೆ ಮತ್ತೆ ಜಿಗಿಯುತ್ತಿದ್ದವು. “ಇವು ಸುಮ್ಮನೆ ಯಾಕೆ ಮಲಗಿಲ್ಲ ಹೇಳು,” ಅಂದೆ.

“ಬಿಸಿ ಐತಲ್ರಿ ಕೆಳಗ.”

“ಜಿಗಿದದ್ದು ಮಾಳಿಗೆಗೆ ಹೋಗಿ ಯಾಕೆ ಕೂರುವುದಿಲ್ಲ?”

ಅವಳು ಮಾಳಿಗೆ ನೋಡಿದಳು, ಬಾಣಲೆ ನೋಡಿದಳು. “ಭೂಮಿ ಎಳೀತೈತ್ರಿ.”

ನನಗೆ ಆ ಹುಡುಗಿಯನ್ನು ಎತ್ತಿ ತಿರುಗಿಸಬೇಕೆನಿಸಿತು. ಗಾಳಿಯೂ ಹೀಗೇ, ಕಣ್ಣಿಗೆ ಕಾಣದ ಕಣಗಳು ಎಂದೆ. ಸೂರ್ಯ ಕಾಯಿಸುತ್ತಾನೆ, ಅವು ಬಂದೂಕಿನ ಗುಂಡಿನ ವೇಗದಲ್ಲಿ ಓಡಾಡುತ್ತವೆ, ಅದಕ್ಕೇ ನೆಲಕ್ಕೆ ಬಿದ್ದು ಮಲಗುವುದಿಲ್ಲ. ಆದರೆ ಭೂಮಿಯನ್ನು ಬಿಟ್ಟು ಓಡಿಹೋಗಲು ಆ ವೇಗ ಸಾಲದು, ಅದರ ಇಪ್ಪತ್ತು ಪಟ್ಟಿಗಿಂತ ಹೆಚ್ಚು ಬೇಕು. ಕೆಳಗೆ ದಟ್ಟ, ಮೇಲೆ ಮೇಲೆ ಹೋದಂತೆ ತೆಳು, ಈ ಬಾಣಲೆಯಲ್ಲಿ ಇದ್ದ ಹಾಗೆಯೇ. ಅಷ್ಟರಲ್ಲಿ ಒಂದೆರಡು ಹಗುರ ಅಳ್ಳು ಒಲೆಯಾಚೆ ಸಿಡಿದವು. ಇವು ಹೋದುವಲ್ಲ ಎಂದಳು. ಹೌದು, ತೀರ ಹಗುರ ಅನಿಲಗಳು ಹಾಗೆ ಚೂರುಚೂರು ತಪ್ಪಿಸಿಕೊಳ್ಳುತ್ತವೆ, ನಾವು ಉಸಿರಾಡುವ ಭಾರದ ಗಾಳಿ ಇಲ್ಲೇ ಇರುತ್ತದೆ ಎಂದೆ. ಹಾಜಿರಾಬಿ ಸಿಡಿದ ಅಳ್ಳು ಆರಿಸಿ ಬಾಯಿಗೆ ಹಾಕಿಕೊಂಡರು.

“ಒಲಿ ಆರಿದ್ರ?” ಅಂದಳು ತರನ್ನುಮ.

“ಸೂರ್ಯನ ಒಲೆಗೆ ಲೈನ್‌ಮನ್ ಇಲ್ಲ,” ಅಂದೆ. ನಕ್ಕಳು. ಮೊದಲ ಸಲ ಅವಳ ಹಲ್ಲು ನೋಡಿದೆ, ಮುಂದಿನ ಒಂದು ಹಲ್ಲು ಸೊಟ್ಟ.

ಗೆದ್ದೆ ಅಂದುಕೊಂಡೆ. ನಾನು ಚಪ್ಪಲಿ ಹಾಕಿಕೊಳ್ಳುವಾಗ ಕರೆಂಟ್ ಹೋಯಿತು. ಅವಳು ಎದ್ದು ಕಿಟಕಿ ಹಾಕಿದಳು.

ತಡೆಯಲಾರದೆ ರೇಗಿದೆ. ಇಷ್ಟೆಲ್ಲ ಹೇಳಿದ್ದು ತಿಳಿಯಲಿಲ್ಲವೇ ಎಂದೆ. ಕೌದಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದಳು: “ತಿಳೀತ್ರಿ. ಖರೇ ತಿಳೀತು. ಆದ್ರ ಅವತ್ತ ಅರಿವಿ ಬಿದ್ದಾಗ ನನಗ ಉಸುರ ಸಿಗಲಿಲ್ರಿ ಮೇಡಂ.”

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತ್ತು. ದಾರಿಯುದ್ದಕ್ಕೂ ಯಾರ ಮೇಲೆ ಸಿಟ್ಟಾಗಬೇಕು ಎಂದು ಹುಡುಕಿದೆ. ವಿಜಯಪುರ ಬರುವವರೆಗೂ ಒಬ್ಬರೂ ಸಿಗಲಿಲ್ಲ.

ಡಿಸೆಂಬರ್ ೩, ಬುಧವಾರ

ಸಿಕ್ಕ. ಮಲ್ಲಿನಾಥನೇ.

ಶನಿವಾರ ಗುಮ್ಮಟವನ್ನು ಒಮ್ಮೆ ನಿಡೋಣಿಗೆ ಒಯ್ಯುತ್ತೇನೆ, ಜೊತೆಗೆ ಜನರೇಟರನ್ನೂ ಕೊಡು ಎಂದು ಕೇಳಿದೆ. ಕಾರಣ ಹೇಳಿದೆ. ಅವನು ನನ್ನನ್ನು ನೋಡಿದ ನೋಟ! ಆ ಶಾಲೆಯ ಕಾರ್ಯಕ್ರಮ ಮುಗಿದಿದೆ, ಫೋಟೋ ಬಂದಿದೆ, ಒಂದು ಮಗು ಹೆದರಿದರೆ ಮನೆಯವರು ತಾಯಿತ ಕಟ್ಟಿಸಿಕೊಳ್ಳುತ್ತಾರೆ ಎಂದ. ಹುಡುಗಿಯ ಓದು ನಿಲ್ಲುತ್ತದೆ ಎಂದೆ. ಅದು ನಮ್ಮ ವಿಷಯವಲ್ಲ ಎಂದ. ಆ ಸಾಲು ಬರೆದವನು ನೀನು ಎಂದೆ. ಓದಿದವರು ನೀವು ಎಂದ.

ಓದಿದ್ದು ನಾನೇ, ನಿಜ. ಅದಕ್ಕೇ ಇನ್ನೂ ಹೆಚ್ಚು ಸಿಟ್ಟು ಬಂತು.

ಮೆಟ್ಟಿಲಿಳಿದು ಬಂದರೆ ಜುಬೇರ ಟೆಂಪೋ ಒರೆಸುತ್ತಿದ್ದ. ಎಲ್ಲ ಕೇಳಿಸಿಕೊಂಡಿದ್ದ. “ಶನಿವಾರ ಬ್ರೇಕ್ ತೋರ್ಸಾಕ ಬಬಲೇಶ್ವರಕ್ಕ ಹೊಂಟೇನ್ರಿ ಮೇಡಂ,” ಅಂದ. “ಸಾಮಾನ ಇಳಸೂದಿಲ್ಲ. ಭಾರ ಇದ್ರ ಬ್ರೇಕಿನ ಪರೀಕ್ಷಾ ಚಲೋ ಆಗ್ತೈತಿ.” ಬಬಲೇಶ್ವರದಿಂದ ನಿಡೋಣಿ ದೂರವಿಲ್ಲ. ಅವನ ಬ್ರೇಕಿಗೆ ಏನೂ ಆಗಿಲ್ಲ ಎಂಬುದು ಸ್ಟೇಷನ್ ರಸ್ತೆಯ ನಾಯಿಗಳಿಗೂ ಗೊತ್ತು.

ಡಿಸೆಂಬರ್ ೬, ಶನಿವಾರ

ಬರೆದುಬಿಡಬೇಕು, ಮರೆಯುವ ಮೊದಲು.

ನಿಡೋಣಿಯಲ್ಲಿ ಬೆಳಗಿನ ಶಾಲೆ. ಭೀಮಾಶಂಕರ ಅವರು ಈ ಸಲ ಲೈನ್‌ಮನ್‌ನನ್ನು ಕೇಳಲಿಲ್ಲ. ಕರೆಂಟ್ ಇದ್ದರೂ ಸರಿ, ನಡುವೆ ಹೋದರೂ ಸರಿ ಎಂದು ನಾನೇ ಹೇಳಿದ್ದೆ. ಕರೆಂಟ್ ಇತ್ತು, ಅಂಗಳದಲ್ಲಿ ಗುಮ್ಮಟ ಎದ್ದಿತು. ಹಾಜಿರಾಬಿ ಮೊಮ್ಮಗಳ ರಟ್ಟೆ ಹಿಡಿದು ಕರೆತಂದರು. ಅವರ ಹಿಂದೆ ಬಬಲೇಶ್ವರದ ಮಾವನೂ ಬಂದಿದ್ದ, ಹೇಳಿದ್ದಕ್ಕಿಂತ ಒಂದು ವಾರ ಮೊದಲೇ. ಬೈಕಿನ ಕೀಲಿ ತಿರುಗಿಸುತ್ತಾ ಬೇವಿನ ಮರದ ಕೆಳಗೆ ನಿಂತ. ಕೆಟ್ಟ ಮನುಷ್ಯನ ಮುಖವಲ್ಲ. ಸಿಟ್ಟಾಗಲು ಅದೂ ಅನುಕೂಲವಾಗಲಿಲ್ಲ.

ತರನ್ನುಮಳ ಕೈಗೆ ಬ್ಲೋವರಿನ ಸ್ವಿಚ್ ಕೊಟ್ಟೆ. ನೀನೇ ಬಂದ್ ಮಾಡು, ಹೊರಗೆ ನಿಂತು ನೋಡು ಎಂದೆ. ಮಾಡಿದಳು. ಗುಮ್ಮಟ ಸೊರಗಿ ನೆಲಕ್ಕೆ ಬಿತ್ತು. “ಬಿದ್ದದ್ದೇನು?” ಎಂದೆ. ಅರಿವಿ ಎಂದಳು. ಒಳಗಿದ್ದ ಗಾಳಿ ಎಲ್ಲಿ ಹೋಯಿತು ಎಂದೆ. ಹೊರಗಿನ ಗಾಳಿಗೆ ಕೂಡಿಕೊಂಡಿತು ಎಂದಳು. ಎಲ್ಲ ಸರಿಯಾಗಿ ಹೇಳಿದಳು, ಪರೀಕ್ಷೆಯಲ್ಲಿ ಹೇಳಿದ ಹಾಗೆ. ಮುಖ ಮಾತ್ರ ಬದಲಾಗಲಿಲ್ಲ.

ಮತ್ತೆ ಗುಮ್ಮಟ ಎಬ್ಬಿಸಿದೆವು. ಅವಳು ಸ್ವಿಚ್ ನನ್ನ ಕೈಗೆ ಕೊಟ್ಟಳು.

“ಈಗ ನೀವ ಬಂದ್ ಮಾಡ್ರಿ. ನಾ ಒಳಗ ಇರ್ತೇನಿ.”

ಬೇಡ ಎನ್ನಲು ಬಾಯಿ ತೆರೆದೆ. ಹಾಜಿರಾಬಿ ನನ್ನ ಕಡೆ ನೋಡಿದರು, ಮಾವ ಮರದ ಕೆಳಗಿಂದ ಎರಡು ಹೆಜ್ಜೆ ಮುಂದೆ ಬಂದ. ಹುಡುಗಿ ಅಷ್ಟರಲ್ಲಿ ಬಗ್ಗಿ ಒಳಗೆ ಹೋಗಿಯಾಗಿತ್ತು. ಜುಬೇರ ಜಿಪ್‌ನ ಮೇಲೆ ಕೈಯಿಟ್ಟು ನಿಂತ. ಇಷ್ಟು ವರ್ಷ ಪಾಠ ಹೇಳಿದ್ದೇನೆ, ನಾನು ಹೇಳಿದ್ದು ನಿಜವೇ ಎಂದು ಯಾರೂ ತಮ್ಮ ಉಸಿರನ್ನು ಪಣಕ್ಕಿಟ್ಟು ನೋಡಿರಲಿಲ್ಲ. ನನಗೆ ಭಯವಾಯಿತು. ಸಿಟ್ಟಲ್ಲ, ಭಯ. ಸ್ವಿಚ್ ಒತ್ತಿದೆ.

ಬಟ್ಟೆ ಇಳಿಯಿತು. ನಡುವೆ ಒಂದು ಗುಡ್ಡೆ ಮಾತ್ರ ಉಳಿಯಿತು, ಕೂತ ಹುಡುಗಿಯಷ್ಟು. ಗುಡ್ಡೆ ಅಲ್ಲಾಡಲಿಲ್ಲ. ಜುಬೇರ ನನ್ನ ಮುಖ ನೋಡಿದ. ನಾನು ತಡಿ ಎಂದು ಕೈ ಮಾಡಿದೆ. ಆಮೇಲೆ ಗುಡ್ಡೆಯ ಬಟ್ಟೆ ಸ್ವಲ್ಪ ಉಬ್ಬಿತು, ತಗ್ಗಿತು. ಮತ್ತೆ ಉಬ್ಬಿತು.

ಒಳಗಿಂದ ದನಿ ಬಂತು. “ಐತ್ರಿ ಮೇಡಂ. ಗಾಳಿ ಐತಿ.”

ಹಾಜಿರಾಬಿ ನೆಲಕ್ಕೆ ಕೂತುಬಿಟ್ಟರು. ನಾನು ಅತ್ತೆ. ಎಲ್ಲರ ಮುಂದೆ, ಮೂಗು ಸೋರುವಂತೆ ಅತ್ತೆ. ಅವಳು ಯಾರ ಸಹಾಯವೂ ಇಲ್ಲದೆ ಬಟ್ಟೆಯ ಕೆಳಗೆ ತೆವಳಿ, ಜಿಪ್ ತಾನೇ ತೆಗೆದು ಹೊರಬಂದಳು. ಕೂದಲೆಲ್ಲ ಕೆದರಿತ್ತು. ಮಾವ ಏನೋ ಕೇಳಿದ. ಸೋಮವಾರ ಗಣಿತದ ಪರೀಕ್ಷೆ ಇದೆ ಎಂದಳು ಅವನಿಗೆ. ಅವನು ಕೀಲಿ ಜೇಬಿಗೆ ಹಾಕಿಕೊಂಡ.

ಸಾಮಾನು ಏರಿಸುವಾಗ ಮಲ್ಲಿನಾಥನ ಫೋನು. ಯಾರೋ ಫೋಟೋ ಕಳಿಸಿದ್ದರು. ಇನ್ನು ಮೇಲೆ ಬರಬೇಡಿ ಎಂದ. ಜುಬೇರನಿಗೆ ಒಂದು ಮಾತು ಬೈದರೂ ಡೀಸೆಲ್ ಉಳಿಸಲು ಹೋಗಿ ಮಕ್ಕಳ ಮೇಲೆ ಗುಮ್ಮಟ ಬೀಳಿಸಿದ ಕಥೆಯನ್ನು ಶಾಲೆ ಶಾಲೆಗೆ ಹೋಗಿ ಹೇಳುತ್ತೇನೆ ಎಂದು ಫೋನ್ ಇಟ್ಟೆ. ನನ್ನನ್ನು ಕೆಲಸದಿಂದ ತೆಗೆಯಲು ಇವನ್ಯಾರು? ಹಾಳೆ ಓದಲು ಬೇರೆ ಗಿಳಿ ಹುಡುಕಿಕೊಳ್ಳಲಿ. ಪ್ಲಾಸ್ಟಿಕ್ ಹಾಳೆಯನ್ನು ಸೀಟಿನ ಮೇಲೆ ಎಸೆದು ಟೆಂಪೋ ಹತ್ತಿದೆ.

ಜುಬೇರ ಗಾಡಿ ಚಾಲೂ ಮಾಡಿದ. ತರನ್ನುಮ ಓಡಿ ಬಂದು ಬಾಗಿಲು ಹಿಡಿದಳು.

“ಮೇಡಂ, ಚಂದ್ರನ ಮ್ಯಾಲ ಗಾಳಿ ಇಲ್ಲ ಅಂತಾರ್ರಿ. ಅವನೂ ಎಳೀತಾನಲ್ರಿ, ಅವಂಗ ಯಾಕ ಹಿಡಕೊಳ್ಳಾಕ ಆಗಲಿಲ್ಲ?”

ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ಕೆಲಸ ಹೋಗಿತ್ತು, ತಲೆ ಸಿಡಿಯುತ್ತಿತ್ತು. ರೂಢಿಯಂತೆ ಬಾಯಿಗೆ ಬಂದದ್ದನ್ನೇ ಹೇಳಿದೆ. ಪ್ರಶ್ನೆಗಳಿದ್ದರೆ ನಿಮ್ಮ ಶಿಕ್ಷಕರನ್ನು ಕೇಳಿ ಎಂದೆ.

“ಅವರನ್ನ ಕೇಳಾಕತ್ತೇನ್ರಿ,” ಅಂದಳು.

ಏನು ಹುಡುಗಿಯೋ. ಹತ್ತಿದ ಟೆಂಪೋ ಇಳಿಯಬೇಕಾಯಿತು.